ರ‍್ಯಾಂಪ್ ಕೊಳ್ಳುವ ಮೊದಲು ಬಂಪರ್ ಅಳೆಯಿರಿ

ಮನೆಯಲ್ಲೇ ಕಾರಿನ ಆಯಿಲ್ ಬದಲಿಸೋಣ ಅಂತ ಹೊರಟವರು ಮೊದಲು ಕೇಳುವುದು ಯಾವ ಆಯಿಲ್ ಹಾಕಬೇಕು ಅಂತ. ಅದು ಕಾರಿನ ಮ್ಯಾನ್ಯುಯಲ್‌ನಲ್ಲೇ ಇರುತ್ತದೆ, ಎರಡು ಪುಟ ತಿರುವಿದರೆ ಸಿಗುತ್ತದೆ. ತಲೆ ಕೆಡಿಸಿಕೊಳ್ಳಬೇಕಾದ ಪ್ರಶ್ನೆ ಬೇರೆ ಇದೆ. ಟನ್ನುಗಟ್ಟಲೆ ತೂಗುವ ವಸ್ತುವನ್ನು ಮೇಲೆತ್ತಿ ಅದರ ಕೆಳಗೆ ನಾವು ಮಲಗಬೇಕಲ್ಲ, ಅದನ್ನು ಯಾವುದರ ಮೇಲೆ ನಿಲ್ಲಿಸುವುದು?

ಜಾಕ್ ಮೇಲೆ ಅಂತೂ ಅಲ್ಲ. ಜಾಕ್ ಇರುವುದು ಎತ್ತುವುದಕ್ಕೆ, ಹಿಡಿದು ನಿಲ್ಲಿಸುವುದಕ್ಕಲ್ಲ. ಹೈಡ್ರಾಲಿಕ್ ಜಾಕ್‌ನಲ್ಲಿ ಅಷ್ಟೂ ಭಾರ ನಿಂತಿರುವುದು ಸಣ್ಣ ರಬ್ಬರ್ ಸೀಲಿನ ನಂಬಿಕೆಯ ಮೇಲೆ. ಅದು ಹಳತಾದರೆ ಒಳಗಿನ ಎಣ್ಣೆ ಸದ್ದಿಲ್ಲದೆ ಜಿನುಗುತ್ತದೆ, ಕಾರು ಸದ್ದಿಲ್ಲದೆ ಇಳಿಯುತ್ತದೆ. ಡಿಕ್ಕಿಯಲ್ಲಿ ಬರುವ ಸ್ಕ್ರೂ ಜಾಕ್ ಪಂಚರ್ ಆದಾಗ ಟೈರು ಬದಲಿಸುವಷ್ಟು ಹೊತ್ತಿಗೆ ಮಾತ್ರ. ಇಟ್ಟಿಗೆ, ಟೊಳ್ಳು ಸಿಮೆಂಟ್ ಬ್ಲಾಕ್ ಬೇಡವೇ ಬೇಡ. ಗೋಡೆಯಲ್ಲಿ ಭಾರ ಹರಡಿಕೊಂಡಿರುವಾಗ ಅವು ಗಟ್ಟಿ. ಒಂದೇ ಜಾಗದಲ್ಲಿ ಭಾರ ಬಿದ್ದರೆ ಮುನ್ಸೂಚನೆಯೇ ಇಲ್ಲದೆ ಪುಡಿಯಾಗುತ್ತವೆ. ಉಳಿಯುವುದು ಎರಡೇ: ಎತ್ತಿದ ಕಾರಿನ ಕೆಳಗೆ ಇಡುವ ಕಂಬದಂಥ ಜಾಕ್ ಸ್ಟ್ಯಾಂಡ್, ಅಥವಾ ಕಾರನ್ನೇ ಓಡಿಸಿ ಹತ್ತಿಸುವ, ಜೋಡಿಯಾಗಿ ಬರುವ ಇಳಿಜಾರು ರ‍್ಯಾಂಪ್.

ನನ್ನ ಒಲವು ರ‍್ಯಾಂಪ್ ಕಡೆಗೆ. ಅದರಲ್ಲಿ ಅಲುಗಾಡುವ ಭಾಗವೇ ಇಲ್ಲ, ಅದೇ ಕಾರಣ. ಸೀಲು ಇಲ್ಲ, ಹಲ್ಲು ಇಲ್ಲ, ಪಿನ್ ಇಲ್ಲ. 2020ರಲ್ಲಿ ಅಮೆರಿಕದಲ್ಲಿ ಲಕ್ಷಗಟ್ಟಲೆ ಜಾಕ್ ಸ್ಟ್ಯಾಂಡ್‌ಗಳನ್ನು ವಾಪಸ್ ಕರೆಸಿಕೊಳ್ಳಬೇಕಾಯಿತು. ಕಂಬದ ಹಲ್ಲಿಗೆ ಕಚ್ಚಿಕೊಳ್ಳಬೇಕಾದ ತುಂಡು ಸರಿಯಾಗಿ ಕಚ್ಚದೆ, ಕಾರು ಅಲುಗಿದಾಗ ಕಂಬ ಕೆಳಗೆ ಜಾರುವ ಸಾಧ್ಯತೆ ಇತ್ತು. ಹಾಗಂತ ಸ್ಟ್ಯಾಂಡ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಒಳ್ಳೆಯ ಸ್ಟ್ಯಾಂಡನ್ನು ಸರಿಯಾದ ಜಾಗಕ್ಕೆ ಕೊಟ್ಟರೆ ಅದು ಭದ್ರವೇ. ಆದರೆ ಅಲ್ಲಿಯವರೆಗೆ ಹೋಗಲು ಜಾಕ್ ಕೊಡುವ ಜಾಗ ಹುಡುಕಬೇಕು, ಅಲ್ಲಿ ತುಕ್ಕು ಹಿಡಿದಿದೆಯಾ ನೋಡಬೇಕು, ಒಂದು ಪಕ್ಕ ಎತ್ತಬೇಕು, ಸ್ಟ್ಯಾಂಡ್ ಇಡಬೇಕು, ಇನ್ನೊಂದು ಪಕ್ಕ ಎತ್ತುವಾಗ ಮೊದಲನೆಯದು ವಾಲಿತಾ ಅಂತ ಬಗ್ಗಿ ನೋಡಬೇಕು. ತಪ್ಪಾಗಲು ಎಷ್ಟು ಅವಕಾಶ ನೋಡಿ. ರ‍್ಯಾಂಪ್ ಮೇಲೆ ಕಾರು ನಿಲ್ಲುವುದು ದಿನಾ ನಿಲ್ಲುವ ಹಾಗೇ, ತನ್ನದೇ ಟೈರುಗಳ ಮೇಲೆ.

ಇದರಿಂದ ಒಂದು ಲಾಭವೂ ಇದೆ, ಅದನ್ನು ಜಾಸ್ತಿ ಜನ ಗಮನಿಸುವುದಿಲ್ಲ. ಚಕ್ರವನ್ನು ಕಾರಿನ ಮೈಗೆ ಹಿಡಿದಿಡುವ ಲೋಯರ್ ಆರ್ಮ್‌ನಲ್ಲಿ ಬೋಲ್ಟ್ ಸುತ್ತ ಕೂರುವ ರಬ್ಬರ್ ಬುಷ್ ಇರುತ್ತದೆ. ಹೊಸ ಬುಷ್ ಹಾಕಿ ಬೋಲ್ಟ್ ಕೊನೆಯದಾಗಿ ಬಿಗಿ ಮಾಡುವಾಗ ಕಾರಿನ ಭಾರ ಚಕ್ರದ ಮೇಲೇ ಇರಬೇಕು. ಚಕ್ರ ಗಾಳಿಯಲ್ಲಿ ಜೋತಾಡುವಾಗ ಬಿಗಿ ಮಾಡಿದರೆ, ಕಾರನ್ನು ಇಳಿಸಿದ ಕೂಡಲೇ ಆ ರಬ್ಬರ್ ತಿರುಚಿಕೊಳ್ಳುತ್ತದೆ, ಆಮೇಲೆ ಇಡೀ ಆಯುಷ್ಯ ತಿರುಚಿಕೊಂಡೇ ಕಳೆಯುತ್ತದೆ. ಬೇಗ ಹರಿಯುವುದು ಸಹಜ. ರ‍್ಯಾಂಪ್ ಮೇಲಿದ್ದರೆ ಆ ಚಿಂತೆಯಿಲ್ಲ, ಸಸ್ಪೆನ್ಷನ್ ತನ್ನ ಮಾಮೂಲಿ ಮಟ್ಟದಲ್ಲೇ ಇರುತ್ತದೆ.

ಚಕ್ರ ಬಿಚ್ಚಬೇಕಾದ ಯಾವ ಕೆಲಸಕ್ಕೂ ರ‍್ಯಾಂಪ್ ಬರುವುದಿಲ್ಲ ಅನ್ನುವುದು ಮಾತ್ರ ಗೊತ್ತಿರಲಿ. ಬ್ರೇಕ್ ಪ್ಯಾಡ್, ಟೈರು ಅದಲುಬದಲು, ಶಾಕ್ ಅಬ್ಸಾರ್ಬರ್, ಇವೆಲ್ಲಕ್ಕೂ ಜಾಕು, ಸ್ಟ್ಯಾಂಡೇ ಬೇಕು. ನೀವು ಮಾಡುವುದು ಹೆಚ್ಚಾಗಿ ಬ್ರೇಕಿನ ಕೆಲಸ ಅನ್ನುವುದಾದರೆ ರ‍್ಯಾಂಪ್ ಸುಮ್ನೆ ಮೂಲೆಯಲ್ಲಿ ಧೂಳು ತಿನ್ನುತ್ತದೆ. ಆಯಿಲ್, ಫಿಲ್ಟರ್, ಸೈಲೆನ್ಸರ್‌ನ ರಬ್ಬರ್, ಎಲ್ಲೋ ಸೋರುತ್ತಿದೆ ಅಂತ ಹುಡುಕುವುದು, ಎಲ್ಲೋ ಟಕ್ ಟಕ್ ಸದ್ದು ಬರುತ್ತಿದೆ ಅಂತ ಕೆಳಗಿನಿಂದ ನೋಡುವುದು, ಇಂಥವಕ್ಕೆ ಅದು ಹೇಳಿ ಮಾಡಿಸಿದ್ದು.

ಇನ್ನು ಕಾರಿನ ಕೆಳಗೆ ಮಲಗಿದಾಗ ಏನಾಗುತ್ತದೆ ಅನ್ನುವುದನ್ನು ಯಾರೂ ಡಬ್ಬದ ಮೇಲೆ ಬರೆಯುವುದಿಲ್ಲ. ಮನಸ್ಸಿನ ಒಂದು ಮೂಲೆ ಮೇಲಿರುವ ಭಾರದ ಮೇಲೇ ಇರುತ್ತದೆ. ಮೂಗಿನಿಂದ ಒಂದು ಗೇಣು ದೂರದಲ್ಲಿ ಎಂಜಿನ್. ಯಾರೋ ಬಾಗಿಲು ಹಾಕಿದ ಸದ್ದಾದರೂ ಮೈ ಬಿಗಿಯುತ್ತದೆ. ಬೇಗ ಮುಗಿಸಿ ಹೊರಗೆ ಬಂದರೆ ಸಾಕು ಅನ್ನಿಸುತ್ತದೆ. ಕೆಲಸ ಕೆಡುವುದು ಅಲ್ಲೇ. ಹಳೇ ಆಯಿಲ್ ಇಳಿಸಲು ಬಿಚ್ಚಿದ ಡ್ರೈನ್ ಬೋಲ್ಟ್ ವಾಪಸ್ ಹಾಕುವಾಗ ಮೊದಲ ಕೆಲವು ಸುತ್ತು ಬರೀ ಬೆರಳಲ್ಲೇ ತಿರುಗಿಸಬೇಕು. ತ್ರೆಡ್ ಸರಿಯಾಗಿ ಕೂತಿದ್ದರೆ ಎರಡೇ ಬೆರಳಲ್ಲಿ ಹಗುರವಾಗಿ ಹೋಗುತ್ತದೆ. ಎಲ್ಲಾದರೂ ತಡೆದರೆ ಬಿಚ್ಚಿ, ನೇರ ಮಾಡಿ, ಮತ್ತೆ ಹಿಡಿಸಬೇಕು. ಅವಸರದಲ್ಲಿ ಇರುವವನು ಏನು ಮಾಡುತ್ತಾನೆ? ಸ್ಪ್ಯಾನರ್ ಹಾಕಿ ಒತ್ತುತ್ತಾನೆ. ಆಯಿಲ್ ನಿಲ್ಲುವ ಚೇಂಬರ್ ಅಲ್ಯೂಮಿನಿಯಂನದ್ದಾದರೆ ಅದರ ತ್ರೆಡ್ ಅಲ್ಲಿಗೆ ಮುಗಿಯಿತು. ಹಾಗಾಗಿ ರ‍್ಯಾಂಪ್ ಆರಿಸುವಾಗ ನಾನು ನೋಡುವುದು ಒಂದೇ: ಇದರ ಮೇಲೆ ಕಾರಿಟ್ಟು ಕೆಳಗೆ ಮಲಗಿದರೆ ನನ್ನ ಕೈ ಅವಸರ ಪಡುತ್ತದಾ, ಇಲ್ಲವಾ. ಉಳಿದ ಅಳತೆಗಳೆಲ್ಲ ಅದಕ್ಕೇ ಬಂದು ಸೇರುತ್ತವೆ.

ಡಬ್ಬದ ಮೇಲೆ ದೊಡ್ಡಕ್ಷರದಲ್ಲಿ ಇರುವುದು ತೂಕದ ಸಂಖ್ಯೆ, ಎಷ್ಟು ಟನ್ ಹೊರುತ್ತದೆ ಅಂತ. ಎಲ್ಲರೂ ಮೊದಲು ನೋಡುವುದೂ ಅದನ್ನೇ. ನನ್ನ ಪ್ರಕಾರ ಅದನ್ನು ಕೊನೆಗೆ ನೋಡಿದರೂ ನಡೆಯುತ್ತದೆ. ಮೊದಲು ನೋಡಬೇಕಾದ್ದು ಬಂಪರ್.

ಕಾರು ರ‍್ಯಾಂಪ್ ಹತ್ತುವಾಗ ಟೈರಿಗಿಂತ ಮುಂದೆ ಇರುವುದು ಬಂಪರ್ ಅಲ್ವಾ? ಏರು ತುಂಬಾ ಕಡಿದಾಗಿದ್ದರೆ ಟೈರು ಹತ್ತುವ ಮೊದಲೇ ಬಂಪರಿನ ಕೆಳತುದಿ ಹೋಗಿ ರ‍್ಯಾಂಪ್‌ಗೆ ಬಡಿಯುತ್ತದೆ. ಇದನ್ನು ಮೊದಲೇ ತಿಳಿಯುವುದು ಸುಲಭ. ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ. ಮುಂದಿನ ಟೈರು ನೆಲಕ್ಕೆ ತಾಗುವ ಜಾಗದಿಂದ ಬಂಪರಿನ ಕೆಳತುದಿಯ ನೇರಕ್ಕೆ ನೆಲದ ಮೇಲೆ ಎಷ್ಟು ದೂರ ಅಂತ ಟೇಪ್ ಹಿಡಿದು ನೋಡಿ. ಆ ತುದಿ ನೆಲದಿಂದ ಎಷ್ಟು ಎತ್ತರ ಇದೆ ಅಂತಲೂ ನೋಡಿ. ಎತ್ತರವನ್ನು ದೂರದಿಂದ ಭಾಗಿಸಿ. ಎತ್ತರ 15 ಸೆಂ.ಮೀ., ದೂರ 60 ಸೆಂ.ಮೀ. ಅಂದುಕೊಳ್ಳೋಣ, 0.25 ಬಂತು. ಈಗ ರ‍್ಯಾಂಪ್‌ಗೂ ಅದೇ ಲೆಕ್ಕ. 17 ಸೆಂ.ಮೀ. ಎತ್ತರ, ಏರಿನ ಉದ್ದ ನೆಲದ ಮೇಲೆ 60 ಸೆಂ.ಮೀ. ಇದ್ದರೆ 0.28. ಬಂಪರ್ ಬಡಿಯುತ್ತದೆ. ಅದೇ ಎತ್ತರಕ್ಕೆ ಏರು 100 ಸೆಂ.ಮೀ. ಉದ್ದ ಇದ್ದರೆ 0.17, ಆರಾಮಾಗಿ ಹತ್ತುತ್ತದೆ. ಬಂಪರಿನ ಸಂಖ್ಯೆ ರ‍್ಯಾಂಪಿನ ಸಂಖ್ಯೆಗಿಂತ ಜಾಸ್ತಿ ಇರಬೇಕು, ಸುಮಾರಾಗಿ ಅಲ್ಲ, ಎದ್ದು ಕಾಣುವಷ್ಟು ಜಾಸ್ತಿ ಇರಬೇಕು. ಯಾಕೆಂದರೆ ಬ್ರೇಕ್ ಒತ್ತಿದಾಗ ಕಾರಿನ ಮೂತಿ ಸ್ವಲ್ಪ ತಗ್ಗುತ್ತದೆ.

ಅಳೆಯುವುದು ಬಂಪರಿನ ನಡುವೆ ಅಲ್ಲ, ಟೈರಿನ ನೇರಕ್ಕೆ. ರ‍್ಯಾಂಪ್ ಬರುವುದು ಅಲ್ಲೇ ತಾನೇ. ಎಷ್ಟೋ ಕಾರುಗಳಲ್ಲಿ ಟೈರಿನ ಮುಂದೆ ಕಪ್ಪು ರಬ್ಬರಿನ ಸಣ್ಣ ಪಟ್ಟಿ ಇಳಿಬಿದ್ದಿರುತ್ತದೆ, ಗಾಳಿಯನ್ನು ಟೈರಿನಿಂದ ಆಚೆ ತಿರುಗಿಸಲು. ಅದು ಮಡಚಿಕೊಳ್ಳುತ್ತದೆ, ಉಜ್ಜಿದರೆ ಏನೂ ಆಗುವುದಿಲ್ಲ. ಅದನ್ನು ಬಿಟ್ಟು ಗಟ್ಟಿ ಪ್ಲಾಸ್ಟಿಕ್ ಎಲ್ಲಿ ಶುರುವಾಗುತ್ತದೋ ಅಲ್ಲಿಂದ ಅಳೆಯಿರಿ. ತಗ್ಗಾದ ಕಾರಿನವರಿಗೆ ಎರಡು ತುಂಡಿನ ಉದ್ದ ರ‍್ಯಾಂಪ್ ಸಿಗುತ್ತದೆ, ಹತ್ತಿಸಿದ ಮೇಲೆ ಏರಿನ ತುಂಡನ್ನು ಕಳಚಿ ಆಚೆ ಇಡಬಹುದು. ಇಲ್ಲದಿದ್ದರೆ ಮಾಮೂಲಿ ರ‍್ಯಾಂಪಿನ ಮುಂದೆ ಅದೇ ಅಗಲದ ಹಲಗೆ ಹಾಸಿದರೂ ಬಂಪರ್ ಮೊದಲೇ ಸ್ವಲ್ಪ ಮೇಲೇಳುತ್ತದೆ. ಹಲಗೆ ಮಾತ್ರ ಟೈರು ಪೂರ್ತಿ ನಿಲ್ಲುವಷ್ಟು ಉದ್ದ ಇರಲಿ.

ಆಮೇಲೆ ಎತ್ತರ. ಜಾಸ್ತಿ ಎತ್ತರ ಇದ್ದಷ್ಟೂ ಒಳ್ಳೆಯದು ಅನ್ನಿಸುತ್ತದೆ, ಆದರೆ ಎತ್ತರ ಹೆಚ್ಚಿದಷ್ಟೂ ಏರು ಕಡಿದಾಗುತ್ತದೆ ಅಥವಾ ರ‍್ಯಾಂಪ್ ಉದ್ದವಾಗುತ್ತದೆ. 17 ಸೆಂ.ಮೀ. ರ‍್ಯಾಂಪ್ ಕಾರಿನ ಮುಂದಿನ ಚಕ್ರವನ್ನು ಅಷ್ಟು ಎತ್ತುತ್ತದೆ, ಸರಿ. ಕಾರಿನ ನಡುಭಾಗಕ್ಕೆ ಸಿಗುವುದು ಅದರ ಅರ್ಧ. ಹಾಗಾಗಿ ಆಯಿಲ್ ಚೇಂಬರ್ ಮುಂದೆ ಇರುವ ಕಾರಿಗೆ ಇದು ಸಾಕು, ನಡುವೆ ಇರುವ ಸೈಲೆನ್ಸರ್ ಕೆಲಸಕ್ಕೆ ಇಕ್ಕಟ್ಟು. ಎದೆ ಹಿಡಿಸಿದರೆ ಸಾಲದು, ಸ್ಪ್ಯಾನರ್ ತಿರುಗಿಸಲು ಮೊಣಕೈ ಆಡಬೇಕು. ಕೊಳ್ಳುವ ಮೊದಲು ಹೀಗೆ ಮಾಡಿ ನೋಡಬಹುದು. ಕಾರಿನ ಕೆಳಗಿನ ಜಾಗಕ್ಕೆ ರ‍್ಯಾಂಪಿನ ಎತ್ತರ ಸೇರಿಸಿ, ಅಷ್ಟೇ ಎತ್ತರದ ಮೇಜಿನ ಅಥವಾ ಮಂಚದ ಕೆಳಗೆ ಮಲಗಿ, ಕೈ ಎತ್ತಿ ತಿರುಗಿಸಿ ನೋಡಿ. ಮನೆಯವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ.

ಅಗಲವನ್ನೂ ಮರೆಯಬೇಡಿ. ಟೈರಿನ ಪಕ್ಕದಲ್ಲಿ 185/65 ಆರ್15 ಅಂತ ಇದ್ದರೆ ಮೊದಲ ಸಂಖ್ಯೆ ಟೈರಿನ ಅಗಲ, ಮಿಲಿಮೀಟರ್‌ನಲ್ಲಿ. ರ‍್ಯಾಂಪಿನ ಒಳ ಅಗಲ ಅದಕ್ಕಿಂತ ಕೆಲವು ಸೆಂಟಿಮೀಟರ್ ಜಾಸ್ತಿ ಇರಲಿ. ಟೈರಿನ ಅಂಚು ಹೊರಗೆ ಚಾಚಿಕೊಂಡರೆ ಅದು ಆ ಕಾರಿನ ರ‍್ಯಾಂಪ್ ಅಲ್ಲ. ಮೇಲೆ ಟೈರು ಕೂರುವ ಜಾಗ ಸ್ವಲ್ಪ ತಗ್ಗಾಗಿರಬೇಕು, ಅದರ ಮುಂದೆ ತಡೆ ಇರಬೇಕು. ಬರೀ ಚಪ್ಪಟೆ ತುದಿಯ ರ‍್ಯಾಂಪ್ ಯಾರಾದರೂ ಸುಮ್ನೆ ಕೊಟ್ಟರೂ ಬೇಡ.

ಈಗ ತೂಕಕ್ಕೆ ಬರೋಣ. ಕಾರಿನ ಬಾಗಿಲ ಚೌಕಟ್ಟಿನಲ್ಲೋ ಬಾನೆಟ್ ಕೆಳಗೋ ಒಂದು ಸಣ್ಣ ಫಲಕ ಇರುತ್ತದೆ. ಕಾರು ಪೂರ್ತಿ ತುಂಬಿದಾಗ ಎಷ್ಟು ತೂಗಬಹುದು, ಮುಂದಿನ ಆಕ್ಸಲ್ ಮೇಲೆ ಎಷ್ಟು, ಹಿಂದಿನದರ ಮೇಲೆ ಎಷ್ಟು ಅಂತ ಸಾಮಾನ್ಯವಾಗಿ ಅಲ್ಲಿ ಬರೆದಿರುತ್ತದೆ. ಮುಂದೆ ಎಂಜಿನ್ ಇದ್ದು ಮುಂದಿನ ಚಕ್ರಗಳೇ ಎಳೆಯುವ ಕಾರಿನಲ್ಲಿ ನೂರಕ್ಕೆ 60ರಷ್ಟು ಭಾರ ಮುಂದೆಯೇ. 1200 ಕೆ.ಜಿ. ಕಾರಾದರೆ ಮುಂದೆ 720, ಒಂದು ರ‍್ಯಾಂಪ್ ಮೇಲೆ 360. ಕೇಳಲು ಕಮ್ಮಿ ಅನ್ನಿಸುತ್ತದೆ. ಗೊಂದಲ ಇರುವುದು ಡಬ್ಬದ ಮೇಲಿನ ಸಂಖ್ಯೆಯಲ್ಲಿ. ಕೆಲವರು ಒಂದು ರ‍್ಯಾಂಪ್‌ಗೆ ಎಷ್ಟು ಅಂತ ಬರೆಯುತ್ತಾರೆ, ಕೆಲವರು ಜೋಡಿಗೆ, ಕೆಲವರು ಇಡೀ ಗಾಡಿಯ ತೂಕ. ಟನ್ ಅಂದರೂ 1000 ಕೆ.ಜಿ. ಇರಬಹುದು, ಅಮೆರಿಕದ ಟನ್ ಆದರೆ 907 ಕೆ.ಜಿ. ಸಣ್ಣಕ್ಷರ ಓದದೆ ಕೊಳ್ಳಬೇಡಿ. ಎಷ್ಟು ಹುಡುಕಿದರೂ ಯಾವ ಲೆಕ್ಕ ಅಂತ ಬರೆದಿಲ್ಲದಿದ್ದರೆ ಅದನ್ನು ಅಲ್ಲೇ ಬಿಟ್ಟು ಬನ್ನಿ. ಎಲೆಕ್ಟ್ರಿಕ್ ಕಾರಿನವರು ಇನ್ನೂ ಎಚ್ಚರ ವಹಿಸಬೇಕು, ಬ್ಯಾಟರಿಯ ತೂಕ ನೋಡಿದರೆ ಕಾಣುವುದಿಲ್ಲ.

ಪ್ಲಾಸ್ಟಿಕ್ಕಾ, ಕಬ್ಬಿಣವಾ, ಮರವಾ? ಪ್ಲಾಸ್ಟಿಕ್ ಅಂದ ಕೂಡಲೇ ಜನ ಹೆದರುತ್ತಾರೆ, ಹೆದರಬೇಕಾಗಿಲ್ಲ. ಕೆಳಗೆ ಅಡ್ಡಡ್ಡ ಪಟ್ಟಿಗಳ ಜಾಲ ಕೊಟ್ಟು ಮಾಡಿದ ಒಳ್ಳೆಯ ಪ್ಲಾಸ್ಟಿಕ್ ರ‍್ಯಾಂಪ್ ಹಗುರ, ತುಕ್ಕು ಹಿಡಿಯುವುದಿಲ್ಲ, ಭಾರವನ್ನು ಅಗಲವಾಗಿ ನೆಲಕ್ಕೆ ಹಂಚುತ್ತದೆ. ಅದರ ಶತ್ರು ಬಿಸಿಲು. ವರ್ಷಗಟ್ಟಲೆ ಬಿಸಿಲಲ್ಲಿ ಬಿದ್ದ ಪ್ಲಾಸ್ಟಿಕ್ ಪೆಡಸಾಗುತ್ತದೆ. ತಿರುಗಿಸಿ ಕೆಳಗಿನ ಪಟ್ಟಿಗಳನ್ನು ಬೆಳಕಿಗೆ ಹಿಡಿದು ನೋಡಿ. ಕಪ್ಪು ಪ್ಲಾಸ್ಟಿಕ್ಕಿನ ಮೂಲೆಗಳಲ್ಲಿ ಬಿಳಿ ಗೆರೆ ಕಂಡರೆ ಅಲ್ಲಿ ಅದು ತಡೆಯಲಾರದಷ್ಟು ಎಳೆತಕ್ಕೆ ಸಿಕ್ಕಿದೆ ಅಂತ ಅರ್ಥ. ಆಮೇಲೆ ಅದು ಗಿಡದ ಕುಂಡ ಇಡಲು ಮಾತ್ರ ಲಾಯಕ್ಕು. ಕಬ್ಬಿಣದ್ದು ಬಾಳಿಕೆ ಬರುತ್ತದೆ, ಆದರೆ ನುಣುಪು ನೆಲದ ಮೇಲೆ ಜಾರುತ್ತದೆ, ತೆಳು ತಗಡಿನದ್ದಾದರೆ ಬಾಗುತ್ತದೆ. ವೆಲ್ಡಿಂಗ್ ಜಾಗದಲ್ಲಿ ಬಣ್ಣ ಬಿರುಕು ಬಿಟ್ಟಿದ್ದರೆ ಕೆಳಗಿನ ವೆಲ್ಡಿಂಗೂ ಬಿರುಕು ಬಿಟ್ಟಿರಬಹುದು. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಅಲ್ಲೇ ಉಗುರಲ್ಲಿ ಕೆರೆದು ನೋಡಿ, ಮಾರುವವರು ಬೇಜಾರು ಮಾಡಿಕೊಂಡರೂ ಪರವಾಗಿಲ್ಲ.

ಮರದ್ದು ನನಗೆ ಇಷ್ಟ, ಅದನ್ನು ಮುಚ್ಚಿಡುವುದಿಲ್ಲ. 4 ಸೆಂ.ಮೀ. ದಪ್ಪದ ಅಗಲ ಹಲಗೆಗಳನ್ನು ಒಂದರ ಮೇಲೊಂದು ಜೋಡಿಸಿ, ಪ್ರತಿಯೊಂದನ್ನೂ ಕೆಳಗಿನದಕ್ಕಿಂತ ಗಿಡ್ಡ ಮಾಡಿ, ಮೆಟ್ಟಿಲ ಹಾಗೆ ಸ್ಕ್ರೂ ಹಾಕಿದರೆ ಆಯಿತು. ನಾಲ್ಕು ಹಲಗೆಗೆ 16 ಸೆಂ.ಮೀ. ಎತ್ತರ. ಒಳಗೆ ಟೊಳ್ಳು ಇಲ್ಲ, ಇಡೀ ದಿಮ್ಮಿಯೇ ಭಾರ ಹೊರುತ್ತದೆ. ಸುಲಭಕ್ಕೆ ಜಾರುವುದಿಲ್ಲ. ತುದಿಯಲ್ಲಿ ಒಂದು ಅಡ್ಡಪಟ್ಟಿ ತಡೆಗೆ ಬೇಕೇ ಬೇಕು. ತೊಂದರೆ ಅಂದರೆ ಭಾರ, ಮತ್ತೆ ಚೆಲ್ಲಿದ ಆಯಿಲನ್ನೆಲ್ಲ ಕುಡಿದು ಕಪ್ಪಾಗಿ ಕೂರುತ್ತದೆ. ಗಂಟು ಜಾಸ್ತಿ ಇರುವ, ಸೀಳು ಬಿಟ್ಟ ಹಲಗೆ ತರಬೇಡಿ.

ರ‍್ಯಾಂಪ್ ಎಷ್ಟೇ ಒಳ್ಳೆಯದಿರಲಿ, ನೆಲ ಸರಿಯಿಲ್ಲದಿದ್ದರೆ ಪ್ರಯೋಜನ ಇಲ್ಲ. ಗಟ್ಟಿ, ಸಮತಟ್ಟು, ಒಣ ನೆಲ ಬೇಕು. ಮಣ್ಣಿನ ನೆಲದಲ್ಲಿ ಒಂದು ರ‍್ಯಾಂಪ್ ಇನ್ನೊಂದಕ್ಕಿಂತ ಜಾಸ್ತಿ ಹೂತುಕೊಂಡರೆ ಕಾರು ವಾಲುತ್ತದೆ. ಬೇರೆ ಜಾಗವೇ ಇಲ್ಲದಿದ್ದರೆ ದಪ್ಪ ಪ್ಲೈವುಡ್ ಹಾಸಿಕೊಳ್ಳಿ. ನೀರು ಹರಿಯಲಿ ಅಂತ ಇಳಿಜಾರು ಕೊಟ್ಟ ಅಂಗಳ ಕಣ್ಣಿಗೆ ಸಮವಾಗಿ ಕಾಣುತ್ತದೆ. ಒಂದು ಗೋಲಿ ಬಿಟ್ಟು ನೋಡಿ, ನಿಜ ಗೊತ್ತಾಗುತ್ತದೆ.

ಹತ್ತಿಸುವಾಗ ರ‍್ಯಾಂಪ್ ಜಾರುತ್ತದೆ ಅನ್ನುವ ದೂರು ತುಂಬಾ ಕೇಳುತ್ತೇವೆ. ಯಾಕೆ ಜಾರುತ್ತದೆ ಅನ್ನುವುದು ನಿಮ್ಮ ಕಾರಿನ ಯಾವ ಚಕ್ರ ಎಳೆಯುತ್ತದೆ ಅನ್ನುವುದರ ಮೇಲಿದೆ. ಹಿಂದಿನ ಚಕ್ರ ತಳ್ಳುವ ಕಾರಾದರೆ ಮುಂದಿನ ಚಕ್ರಗಳು ಸುಮ್ನೆ ಉರುಳುತ್ತಿರುತ್ತವೆ. ಹಿಂದಿನಿಂದ ಬರುವ ನೂಕು ಅಷ್ಟೂ ಮುಂದಿನ ಟೈರಿನ ಮೂಲಕ ರ‍್ಯಾಂಪ್‌ಗೆ ಬೀಳುತ್ತದೆ, ರ‍್ಯಾಂಪ್ ಮುಂದಕ್ಕೆ ಓಡುತ್ತದೆ. ಏರು ಕಡಿದಾದಷ್ಟೂ ಈ ನೂಕು ಜಾಸ್ತಿ. ಮುಂದಿನ ಚಕ್ರವೇ ಎಳೆಯುವ ಕಾರಿನಲ್ಲಿ ಟೈರು ರ‍್ಯಾಂಪನ್ನು ತನ್ನ ಕಡೆಗೇ ಎಳೆದುಕೊಂಡು ಹತ್ತುತ್ತದೆ, ಹಾಗಾಗಿ ನಿಧಾನಕ್ಕೆ ಹೋದರೆ ರ‍್ಯಾಂಪ್ ಅಷ್ಟಾಗಿ ಕದಲುವುದಿಲ್ಲ. ದೂರದಿಂದ ವೇಗವಾಗಿ ಬಂದು ಗುದ್ದಿದರೆ ಮುಂದಕ್ಕೆ ಜಾರುತ್ತದೆ, ಆಕ್ಸಲರೇಟರ್ ಜೋರಾಗಿ ಒತ್ತಿ ಚಕ್ರ ಸುತ್ತಿಸಿದರೆ ಕಾರಿನ ಕೆಳಗೆ ಹಿಂದಕ್ಕೆ ಚಿಮ್ಮುತ್ತದೆ. ಮದ್ದು ಸುಲಭ. ಒರಟು ರಬ್ಬರ್ ಮ್ಯಾಟಿನ ಉದ್ದ ಪಟ್ಟಿ ತಗೊಂಡು ರ‍್ಯಾಂಪಿನ ಕೆಳಗೆ ಹಾಸಿ, ಇನ್ನೊಂದು ತುದಿ ಟೈರಿನ ಕೆಳಗೆ ಬರುವ ಹಾಗೆ ಬಿಡಿ. ಹತ್ತಲು ಶುರು ಮಾಡುವಾಗ ಕಾರಿನ ಭಾರವೇ ಆ ಪಟ್ಟಿಯನ್ನು ಒತ್ತಿ ಹಿಡಿಯುತ್ತದೆ. ಜಾರುವುದು ಆ ಮೊದಲ ಕ್ಷಣದಲ್ಲೇ, ಟೈರು ಪೂರ್ತಿ ಮೇಲೆ ಬಂದ ಮೇಲೆ ಅದರ ತೂಕವೇ ರ‍್ಯಾಂಪನ್ನು ನೆಲಕ್ಕೆ ಅದುಮಿಕೊಳ್ಳುತ್ತದೆ.

ಹತ್ತಿಸುವಾಗ ಸ್ಟೀರಿಂಗ್ ನೇರ ಇರಲಿ, ಎರಡೂ ರ‍್ಯಾಂಪ್ ಟೈರಿನ ನಡುವಿಗೆ ಸರಿಯಾಗಿರಲಿ. ಹೊರಗೆ ನಿಂತು ನೋಡಲು ಒಬ್ಬರು ಬೇಕು. ಅವರು ಕಾರಿನ ಪಕ್ಕದಲ್ಲಿ ನಿಲ್ಲಬೇಕು, ಮುಂದೆ ಅಲ್ಲ. "ಬರಲಿ, ಬರಲಿ, ಬರಲಿ" ಅಂತ ಕೂಗುವವರು ಎಲ್ಲರಿಗೂ ಸಿಗುತ್ತಾರೆ, "ಸಾಕು" ಅಂತ ಸರಿಯಾದ ಹೊತ್ತಿಗೆ ಹೇಳುವವರು ಬೇಕು. ಆಟೋಮ್ಯಾಟಿಕ್ ಆದರೆ ಬ್ರೇಕ್ ಸಡಿಲಿಸುತ್ತಾ, ಬೇಕಾದರೆ ಒಂದು ಚೂರು ಆಕ್ಸಲರೇಟರ್ ಕೊಟ್ಟು ಹೋಗಬಹುದು. ಮ್ಯಾನ್ಯುಯಲ್ ಗೇರಿನವರು ಕ್ಲಚ್ ಮೇಲೆ ನಿಧಾನವಾಗಿ ಏರಿಸಬೇಕು, ಸ್ವಲ್ಪ ಸುಟ್ಟ ವಾಸನೆ ಬಂದರೆ ನಿಲ್ಲಿಸಿ ಸುಧಾರಿಸಿಕೊಳ್ಳಿ. ಮೇಲೆ ತಗ್ಗಿಗೆ ಟೈರು ಕೂತಾಗ ಕಾರು ಒಮ್ಮೆ ಸಣ್ಣಗೆ ಇಳಿದ ಹಾಗಾಗುತ್ತದೆ, ಸೀಟಿನಲ್ಲಿ ಕೂತವರಿಗೆ ಅದು ಗೊತ್ತಾಗುತ್ತದೆ. ಅಲ್ಲಿಗೆ ನಿಲ್ಲಿಸಿ. ಇನ್ನೊಂದು ಚೂರು ಅನ್ನುವ ಆಸೆ ಬೇಡ.

ಆಮೇಲೆ ಹ್ಯಾಂಡ್‌ಬ್ರೇಕ್, ಗೇರು, ಬೆಣೆ, ಮೂರೂ. ಹೆಚ್ಚಿನ ಕಾರುಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು ಮಾತ್ರ. ಮುಂದಿನ ಚಕ್ರ ರ‍್ಯಾಂಪ್ ಮೇಲಿದ್ದರೆ ನೆಲದ ಮೇಲಿರುವ ಹಿಂದಿನವು ಬಿಗಿಯಾಗಿರುತ್ತವೆ, ಚೆನ್ನಾಗಿದೆ. ಆದರೂ ಆ ಹಿಂದಿನ ಚಕ್ರಗಳ ಹಿಂದೆ ಬೆಣೆ ಬಡಿದು ಕೂರಿಸಿ. ಕೆಳಗೆ ಹೋಗುವ ಮೊದಲು ಕಾರನ್ನು ಪಕ್ಕದಿಂದ ಎರಡೂ ಕೈಯಲ್ಲಿ ಚೆನ್ನಾಗಿ ಅಲುಗಾಡಿಸಿ ನೋಡಿ. ಬೀಳುವುದಿದ್ದರೆ ನೀವು ಹೊರಗಿದ್ದಾಗಲೇ ಬೀಳಲಿ.

ಕಾರು ಮುಂದೆ ಎತ್ತಿ ನಿಂತಾಗ, ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ ಇರುವ 2.5 ಮೀಟರ್ ವೀಲ್‌ಬೇಸ್‌ಗೆ 17 ಸೆಂ.ಮೀ. ಅಂದರೆ ಸುಮಾರು 4 ಡಿಗ್ರಿ ವಾಲಿರುತ್ತದೆ. ಚೇಂಬರ್ ಒಳಗಿನ ಹಳೇ ಆಯಿಲ್ ಹಿಂದಕ್ಕೆ ಸರಿಯುತ್ತದೆ. ಡ್ರೈನ್ ಬೋಲ್ಟ್ ಹಿಂದುಗಡೆ ಇದ್ದರೆ ನಿಮ್ಮ ಅದೃಷ್ಟ, ಪೂರ್ತಿ ಬರಿದಾಗುತ್ತದೆ. ಮುಂದುಗಡೆ ಇದ್ದರೆ ಸ್ವಲ್ಪ ಉಳಿದುಕೊಳ್ಳುತ್ತದೆ. ಗೇರ್ ಆಯಿಲ್ ಮಟ್ಟ ನೋಡುವ ಕೆಲಸವನ್ನಂತೂ ಹೀಗೆ ವಾಲಿಸಿಕೊಂಡು ಮಾಡಬೇಡಿ. ಗೇರ್ ಬಾಕ್ಸ್ ಪಕ್ಕದ ತೂತಿನಿಂದ ಆಯಿಲ್ ಜಿನುಗಿದರೆ ಸಾಕು ಅನ್ನುವ ಲೆಕ್ಕ ಕಾರು ಸಮವಾಗಿ ನಿಂತಾಗ ಮಾತ್ರ ಸರಿ. ಅದಕ್ಕೆ ನಾಲ್ಕೂ ಚಕ್ರ ಒಂದೇ ಮಟ್ಟಕ್ಕೆ ಎತ್ತಬೇಕು.

ಹೊಸ ಫಿಲ್ಟರ್, ಬೋಲ್ಟ್ ಎಲ್ಲ ಹಾಕಿದ ಮೇಲೆ ಕಾರನ್ನು ಇಳಿಸುವ ಅವಸರ ಬೇಡ. ಹೊಸ ಆಯಿಲ್ ಹಾಕಿ, ಮ್ಯಾನ್ಯುಯಲ್ ಆದರೆ ಗೇರ್ ನ್ಯೂಟ್ರಲ್‌ಗೆ ತಂದು, ಎಂಜಿನ್ ಒಂದೆರಡು ನಿಮಿಷ ಓಡಿಸಿ, ಪಕ್ಕದಿಂದ ಟಾರ್ಚ್ ಬಿಟ್ಟು ಫಿಲ್ಟರ್ ಸುತ್ತ, ಬೋಲ್ಟ್ ಸುತ್ತ ಹನಿ ಕೂಡುತ್ತಿದೆಯಾ ನೋಡಿ. ಮುಚ್ಚಿದ ಗ್ಯಾರೇಜಾದರೆ ಬಾಗಿಲು ಪೂರ್ತಿ ತೆರೆದಿಡಿ, ಹೊಗೆಯಲ್ಲಿನ ವಿಷಾನಿಲ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ. ಸೋರಿಕೆ ಇಲ್ಲ ಅಂತ ಖಾತ್ರಿಯಾದ ಮೇಲೆ ಕೆಳಗಿನ ಸಾಮಾನೆಲ್ಲ ಎತ್ತಿಟ್ಟು, ಬೆಣೆ ತೆಗೆದು, ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಹಿಂದಕ್ಕೆ ಇಳಿಸಿ. ಡಿಪ್‌ಸ್ಟಿಕ್ (ಆಯಿಲ್ ಮಟ್ಟ ತೋರಿಸುವ ಕಡ್ಡಿ) ನೋಡುವುದು ಅದಾದ ಮೇಲೆ, ಸಮ ನೆಲದ ಮೇಲೆ, ಎಂಜಿನ್ ಆಫ್ ಮಾಡಿ ಕೆಲವು ನಿಮಿಷ ಬಿಟ್ಟು. ಮಟ್ಟ ಕಮ್ಮಿ ಇದ್ದರೆ ಸ್ವಲ್ಪ ಸ್ವಲ್ಪವಾಗಿ ಸೇರಿಸಿ. ಜಾಸ್ತಿ ಆಗಿದ್ದರೆ ಡಿಪ್‌ಸ್ಟಿಕ್ ಕೊಳವೆಗೆ ಸಣ್ಣ ಪೈಪು ಇಳಿಸಿ ಸಿರಿಂಜಿನಲ್ಲಿ ಎಳೆದು ತೆಗೆಯಬೇಕು, ಇಲ್ಲದಿದ್ದರೆ ಮತ್ತೆ ರ‍್ಯಾಂಪ್ ಹತ್ತಿಸಬೇಕು.